ಸೀಟು ಸಿಗಲಿಲ್ಲ, ಬಿಲ್ಲು ಓದಲು ಕಲಿತೆ

‘ಐದೇ ಐದು ಕೊಡು ಮಗಾ, ಸಾಕು.’

ಅಜ್ಜಿ ಕೌಂಟರ್ ಮೇಲೆ ನಲವತ್ತು ರೂಪಾಯಿ ಎಣಿಸಿಟ್ಟಳು. ಬಿ.ಪಿ. ಮಾತ್ರೆಯ ಹತ್ತರ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಅರ್ಧ ಮಾಡಿದೆ. ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಇರುವ ಅರ್ಧ ಅಜ್ಜಿಗೆ ಹೋಗಲಿ ಎಂದು ಅದನ್ನೇ ಕವರಿಗೆ ಹಾಕಿದೆ. ‘ಹತ್ತು ದಿನಕ್ಕಾಯ್ತು’ ಎಂದು ಅಜ್ಜಿ ಸೆರಗಿಗೆ ಗಂಟು ಹಾಕಿಕೊಂಡಳು. ದಿನಕ್ಕೊಂದು ನುಂಗಬೇಕಾದ ಮಾತ್ರೆ ಅದು. ‘ಐದು ಮಾತ್ರೆ ಹತ್ತು ದಿನಕ್ಕೆ ಹೆಂಗಜ್ಜಿ?’ ಅಂದೆ. ‘ದಿನ ಬಿಟ್ಟು ದಿನ ತಗಂಡ್ರೂ ನಡೀತದೆ ಬಿಡು’ ಎಂದು ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ಕೌಂಟರ್ ಕೆಳಗೆ ನನ್ನ ಫಿಸಿಕ್ಸ್ ನೋಟ್ಸ್ ತೆರೆದೇ ಇತ್ತು. ಹೃದಯದ ಚಿತ್ರ ಬಿಡಿಸಿ ನಾಲ್ಕು ಕವಾಟಗಳ ಹೆಸರು ಬರೆಯಲು ಆಗ ನನಗೆ ಎರಡು ನಿಮಿಷ ಸಾಕಿತ್ತು. ಈ ಅಜ್ಜಿಗೆ ಏನು ಹೇಳಬೇಕು ಅನ್ನೋದು ಮಾತ್ರ ಯಾವ ಮಾಡ್ಯೂಲ್‌ನಲ್ಲೂ ಇರಲಿಲ್ಲ.

ಇದು 2023ರ ಮಾತು. ದ್ವಿತೀಯ ಪಿಯುಸಿ ಮುಗಿಸಿ ಮೊದಲ ಸಲ ನೀಟ್ ಬರೆದಾಗ ಬಂದದ್ದು 412 ಅಂಕ. ಸರ್ಕಾರಿ ಸೀಟು ಹತ್ತಿರಕ್ಕೂ ಬರಲಿಲ್ಲ. ಬೆಂಗಳೂರಿನ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಸ್ಟೆಲ್ ಸೇರಿ ಒಂದೂವರೆ ಲಕ್ಷದ ಮೇಲಾಗುತ್ತೆ ಅಂದರು. ತಿಪಟೂರು ಹತ್ತಿರ ನಮಗಿರೋದು ಒಂದೂವರೆ ಎಕರೆ ತೆಂಗಿನ ತೋಟ. ಅಪ್ಪ ಕೊಬ್ಬರಿ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡ್ತಾರೆ. ಹಾಗಾಗಿ ಆನ್‌ಲೈನ್ ಕ್ಲಾಸು, ಹಳೇ ಪುಸ್ತಕ, ಮನೆಯಲ್ಲೇ ಓದು ಎಂದು ತೀರ್ಮಾನವಾಯಿತು. ‘ಹೆಣ್ಣುಹುಡುಗೀನ ಒಂದು ವರ್ಷ ಸುಮ್ನೆ ಮನೇಲಿ ಕೂರಿಸ್ಕೋತೀರಾ?’ ಎಂದು ನೆಂಟರು ಅಮ್ಮನನ್ನು ಕೇಳೋಕೆ ಶುರು ಮಾಡಿದರು. ಆಗ ಚಿಕ್ಕಪ್ಪನೇ ‘ಸಂಜೆ ಹೊತ್ತು ಅಂಗಡಿಗೆ ಬರಲಿ ಬಿಡಿ ಅತ್ತಿಗೆ, ಮುಂದೆ ಡಾಕ್ಟ್ರಾಗೋಳು, ಔಷಧಿ ಹೆಸರಾದ್ರೂ ಬಾಯಿಪಾಠ ಆಗ್ಲಿ’ ಎಂದದ್ದು. ಚಿಕ್ಕಪ್ಪ ಡಿ.ಫಾರ್ಮಾ ಓದಿದವರು, ಅವರದ್ದು ಮೆಡಿಕಲ್ ಶಾಪ್. ಸಂಜೆ ಐದರಿಂದ ಎಂಟೂವರೆ ನನ್ನ ಡ್ಯೂಟಿ. ಮೊದಲ ದಿನದಿಂದಲೇ ನನ್ನ ಹೆಸರು ‘ಡಾಕ್ಟ್ರಮ್ಮ’ ಆಯಿತು.

ಅಮೆರಿಕದಲ್ಲಿ ಮೆಡಿಕಲ್ ಸೇರುವ ಮೊದಲು ಡಿಗ್ರಿ ಮುಗಿಸಬೇಕು. ಅಲ್ಲಿನ ಬಹುಪಾಲು ವಿದ್ಯಾರ್ಥಿಗಳು ಆಮೇಲೂ ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಸಂಶೋಧನಾ ಕೇಂದ್ರದಲ್ಲೋ ವಿಮಾ ಕಂಪನಿಯಲ್ಲೋ ಕೆಲಸ ಮಾಡಿ ನಂತರ ಅರ್ಜಿ ಹಾಕುತ್ತಾರಂತೆ. ಅದಕ್ಕೆ ಅವರು ‘ಗ್ಯಾಪ್ ಇಯರ್’ ಅಂತಾರೆ, ಅರ್ಜಿಯಲ್ಲೂ ಹೆಮ್ಮೆಯಿಂದ ಬರೆದುಕೊಳ್ತಾರೆ. ನಮ್ಮಲ್ಲಿ ಅದೇ ವರ್ಷಕ್ಕೆ ‘ಡ್ರಾಪ್’ ಅಂತ ಹೆಸರು. ಓದುವವರು ‘ರಿಪೀಟರ್ಸ್’. ಕೇಳಿದರೇ ಫೇಲ್ ಆದವರ ಥರ ಅನ್ನಿಸುತ್ತೆ.

ಅಂಗಡಿಯಲ್ಲಿ ಮೊದಲು ಕಲಿತದ್ದು ಔಷಧದ ಹೆಸರಲ್ಲ, ಮಾರ್ಜಿನ್ನು. ಔಷಧಗಳಲ್ಲಿ ಎರಡು ಜಾತಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದಕ್ಕೆ ಸರ್ಕಾರವೇ ಗರಿಷ್ಠ ದರ ಕಟ್ಟುತ್ತದೆ. 1997ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಈ ಕೆಲಸ ಮಾಡೋದು. ಇಂಥವುಗಳಲ್ಲಿ ಚಿಲ್ಲರೆ ಅಂಗಡಿಗೆ ಶೇ 16, ಸಗಟು ವ್ಯಾಪಾರಿಗೆ ಶೇ 8. ಪಟ್ಟಿಯಲ್ಲಿ ಇಲ್ಲದವುಗಳಲ್ಲಿ ವಾಡಿಕೆಯಂತೆ ಶೇ 20 ಮತ್ತು ಶೇ 10. ಇಲ್ಲಿಯವರೆಗೆ ಸರಿ. ನನಗೆ ತಲೆಬಿಸಿಯಾದದ್ದು ದರ ಕಟ್ಟುವ ಸೂತ್ರ ಓದಿದಾಗ. 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆ ಇಲ್ಲದ ಪಾಲು ಹೊಂದಿರುವ ಬ್ರ್ಯಾಂಡ್‌ಗಳ ದರದ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಶೇ 16 ಸೇರಿಸಿದರೆ ಗರಿಷ್ಠ ದರ ಬಂತು. ಮಾತ್ರೆ ತಯಾರಿಸಲು ಎಷ್ಟು ಖರ್ಚಾಯಿತು ಅನ್ನೋ ಪ್ರಶ್ನೆಯೇ ಅದರಲ್ಲಿಲ್ಲ! ಎಲ್ಲರೂ ದುಬಾರಿ ಮಾರುತ್ತಿದ್ದರೆ ಸರಾಸರಿಯೂ ದುಬಾರಿಯೇ. ಪಟ್ಟಿಯಲ್ಲಿಲ್ಲದ ಔಷಧಕ್ಕಂತೂ ಮೊದಲ ದರ ಕಂಪನಿಯ ಇಷ್ಟ, ಆಮೇಲೆ ವರ್ಷಕ್ಕೆ ಶೇ 10ರವರೆಗೆ ಏರಿಸಿಕೊಳ್ಳಬಹುದು. ಪಟ್ಟಿಯಲ್ಲಿರುವ ಔಷಧಕ್ಕೆ ಇನ್ನೊಂದನ್ನು ಬೆರೆಸಿ ಕಾಂಬಿನೇಶನ್ ಮಾಡಿದರೆ ಎಷ್ಟೋ ಸಲ ಅದು ಪಟ್ಟಿಯಿಂದ ಹೊರಗೆ ಹೋಗುತ್ತೆ. ನಮ್ಮ ಕಪಾಟಿನಲ್ಲಿ ಯಾಕೆ ಅಷ್ಟೊಂದು ಕಾಂಬಿನೇಶನ್ ಮಾತ್ರೆಗಳಿದ್ದವು ಎಂಬುದು ಆಗ ಅರ್ಥವಾಯಿತು.

ಇನ್ನು ಜೆನೆರಿಕ್. ಒಂದು ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಅಂಗಡಿಗೆ ಬರುತ್ತಿದ್ದದ್ದು ಸ್ಟ್ರಿಪ್ಪಿಗೆ 14 ರೂಪಾಯಿಗೆ, ಮೇಲೆ ಅಚ್ಚಾಗಿದ್ದ ಎಂಆರ್‌ಪಿ 85. ಇನ್‌ವಾಯ್ಸ್ ನೋಡಿ ಪ್ರಿಂಟ್ ಮಿಸ್ಟೇಕ್ ಅಂದುಕೊಂಡಿದ್ದೆ. ಚಿಕ್ಕಪ್ಪ ನಕ್ಕರು. ‘ಬ್ರ್ಯಾಂಡ್ ಮಾಲಾದ್ರೆ ಕಂಪನಿ ರೆಪ್ಪುಗಳನ್ನ ಇಟ್ಟು ಡಾಕ್ಟ್ರ ಹತ್ರ ಕಳಿಸ್ತದೆ. ಇದಕ್ಕೆ ರೆಪ್ಪಿಲ್ಲ, ನಾನೇ ರೆಪ್ಪು. ಅದಕ್ಕೇ ಲಾಭ ನಂಗೆ ಬಿಟ್ಟವ್ರೆ’ ಎಂದರು. ಆದರೆ ಎಂಆರ್‌ಪಿ ಅಂದರೆ ಗರಿಷ್ಠ ದರ. ಅದಕ್ಕಿಂತ ಕಡಿಮೆಗೆ ಮಾರಬಾರದು ಅಂತ ಯಾವ ಕಾನೂನೂ ಇಲ್ಲ. ಗೊತ್ತಿದ್ದು ಕೇಳಿದವರಿಗೆ ಚಿಕ್ಕಪ್ಪ 45ಕ್ಕೆ ಕೊಡುತ್ತಿದ್ದರು. ಕೇಳದವರಿಗೆ 85. ನನಗೆ ಚಿಕ್ಕಪ್ಪನ ಮೇಲೆ ಕೋಪ ಬಂತು, ನಿಜ. ಅದೇ ಚಿಕ್ಕಪ್ಪ ಅಂಗಡಿ ಬಾಡಿಗೆ, ಅವಧಿ ಮುಗಿದು ವಾಪಸ್ ಹೋಗದೆ ಉಳಿದ ಔಷಧ, ಸಾಲದ ಪುಸ್ತಕದಲ್ಲಿ ವಸೂಲಾಗದ ಹೆಸರುಗಳು ಎಲ್ಲವನ್ನೂ ತೋರಿಸಿದ ಮೇಲೆ ಕೋಪ ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

ಜಗಳ ಆದದ್ದು ಜನೌಷಧಿ ವಿಷಯಕ್ಕೆ. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ ಈ ಮಳಿಗೆಗಳಲ್ಲಿ ಬ್ರ್ಯಾಂಡ್ ಔಷಧಕ್ಕಿಂತ ಶೇ 50ರಿಂದ 90ರವರೆಗೆ ಕಡಿಮೆ ದರ. ಆ ಅಜ್ಜಿ ಮುಂದಿನ ಸಲ ಬಂದಾಗ ನಾನು ಮೆಲ್ಲಗೆ ‘ಅಜ್ಜಿ, ಆ ಕಡೆ ರಸ್ತೇಲಿ ಜನೌಷಧಿ ಐತೆ. ಇದೇ ದುಡ್ಡಿಗೆ ಒಂದು ತಿಂಗಳ ಮಾತ್ರೆ ಬತ್ತದೆ’ ಎಂದೆ. ಹಿಂದೆ ಸ್ಟಾಕ್ ಜೋಡಿಸುತ್ತಿದ್ದ ಚಿಕ್ಕಪ್ಪ ಕೇಳಿಸಿಕೊಂಡರು. ಅಜ್ಜಿ ಹೋಗೋವರೆಗೂ ಸುಮ್ಮನಿದ್ದು, ಆಮೇಲೆ, ‘ನನ್ನ ಅಂಗಡೀಲಿ ಕೂತ್ಕಂಡು ನನ್ನ ಗಿರಾಕೀನೇ ಕಳಿಸ್ತೀಯಲ್ಲ ಡಾಕ್ಟ್ರಮ್ಮ?’ ಎಂದರು. ನಗುತ್ತಲೇ ಅಂದದ್ದು. ಆದರೆ ಮರುದಿನ ನಾನು ಹೋದಾಗ ಮಾತಾಡಲಿಲ್ಲ, ಮೂರು ದಿನ ಹಾಗೇ ಇದ್ದರು. ನಾಲ್ಕನೇ ದಿನ ಅವರೇ ಜೆನೆರಿಕ್ ಡಬ್ಬಿಯೊಂದನ್ನು ಮುಂದಿನ ಸಾಲಿಗೆ ತಂದಿಟ್ಟು, ‘ಬಡವ್ರು ಬಂದ್ರೆ ಇದ್ರಲ್ಲಿ ಕೊಡು, ಅರ್ಧ ರೇಟಿಗೆ. ಯಾರು ಬಡವ್ರು ಅಂತ ನೀನೇ ಹೇಳು’ ಎಂದರು. ಈ ಕೊನೇ ವಾಕ್ಯ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಯಾಕೆಂದರೆ ಸರ್ಕಾರ ಬಿಪಿಎಲ್, ಎಪಿಎಲ್ ಕಾರ್ಡಿನಲ್ಲಿ ಮಾಡುವುದೂ ಅದೇ ಕೆಲಸ. ಕೌಂಟರ್ ಹಿಂದೆ ನಿಂತು ನಾನು ಸೀರೆ, ಚಪ್ಪಲಿ ನೋಡಿ ಅಂದಾಜು ಮಾಡುತ್ತಿದ್ದೆ. ಎಷ್ಟೋ ಸಲ ತಪ್ಪಿದೆ.

2024ರ ಜನವರಿಯಲ್ಲಿ ದೊಡ್ಡಪ್ಪನಿಗೆ ಎದೆ ಹಿಡಿದುಕೊಂಡಂತಾಯಿತು. ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಂಜಿಯೋಗ್ರಾಂ ಮಾಡಿ ಒಂದು ಕಡೆ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು ಅಂದರು. ಇವತ್ತೇ ಅಲ್ಲ, ಆದರೆ ವಾರದೊಳಗೆ. ಅಂದಾಜು ಪಟ್ಟಿ ಕೊಟ್ಟರು: 1 ಲಕ್ಷ 85 ಸಾವಿರ. ಮನೆಯವರೆಲ್ಲ ಆ ಕೊನೇ ಅಂಕಿಯನ್ನೇ ನೋಡುತ್ತಾ ನಿಂತಿದ್ದರು. ಅಂಗಡಿಯ ಇನ್‌ವಾಯ್ಸ್ ನೋಡಿ ಅಭ್ಯಾಸವಾಗಿದ್ದ ನಾನು ಮೇಲಿನ ಸಾಲುಗಳನ್ನು ಓದಿದೆ.

ಸ್ಟೆಂಟಿನ ಕತೆ ಅಷ್ಟೊತ್ತಿಗೆ ನನಗೆ ಗೊತ್ತಿತ್ತು. 2017ರವರೆಗೆ ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ರೋಗಿ ಕೊಡುತ್ತಿದ್ದ ದರ ಲಕ್ಷ ರೂಪಾಯಿ ದಾಟುತ್ತಿತ್ತು. ಆ ವರ್ಷ ಫೆಬ್ರುವರಿಯಲ್ಲಿ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಲೇಪನವಿಲ್ಲದ ಸ್ಟೆಂಟಿಗೆ 7,260 ರೂಪಾಯಿ ಎಂದು ಮಿತಿ ಹಾಕಿತು. ಸಗಟು ಬೆಲೆ ಸೂಚ್ಯಂಕದ ಜೊತೆ ಏರುತ್ತಾ ಬಂದು ದೊಡ್ಡಪ್ಪನ ಸರದಿಯ ಹೊತ್ತಿಗೆ ಅದು 38 ಸಾವಿರದ ಆಸುಪಾಸಿನಲ್ಲಿತ್ತು. ಪಟ್ಟಿಯಲ್ಲಿದ್ದದ್ದೂ ಅಷ್ಟೇ, ಒಂದು ಪೈಸೆ ಹೆಚ್ಚಿಲ್ಲ. ಕಾನೂನು ಪಾಲನೆ ಪಕ್ಕಾ. ಆದರೆ ಉಳಿದ ಸುಮಾರು ಒಂದೂವರೆ ಲಕ್ಷ? ಕ್ಯಾಥ್ ಲ್ಯಾಬ್, ಬಲೂನು, ವೈರು, ‘ಕನ್ಸ್ಯೂಮಬಲ್ಸ್’, ‘ಪ್ರೊಸೀಜರ್ ಚಾರ್ಜಸ್’, ರೂಮು. ಒಂದು ವಸ್ತುವಿನ ದರ ಹಿಡಿದರೆ ಬಿಲ್ಲು ಬೇರೆ ಕಡೆ ಉಬ್ಬುತ್ತೆ. ಬಲೂನಿನ ಗಾಳಿಯ ಥರವೇ.

ಬಿಲ್ಲಿಂಗ್ ಕೌಂಟರಿನಲ್ಲಿದ್ದ ಅಣ್ಣನನ್ನು ‘ಆರೋಗ್ಯ ಕರ್ನಾಟಕ ನಡೆಯುತ್ತಾ ಇಲ್ಲಿ?’ ಅಂತ ಕೇಳಿದೆ. ‘ಕೆಲವು ಆಪರೇಶನ್‌ಗೆ ನಡೆಯುತ್ತಮ್ಮ, ಹಾರ್ಟಿಗೆ ಇಲ್ಲ’ ಎಂದರು. ಇದು ಸುಳ್ಳಿರಲಿಕ್ಕಿಲ್ಲ. ಒಂದು ಆಸ್ಪತ್ರೆ ಯೋಜನೆಯಲ್ಲಿ ನೋಂದಣಿಯಾಗಿದ್ದರೂ ಎಲ್ಲ ವಿಭಾಗಕ್ಕೂ ಆಗಿರಬೇಕೆಂದಿಲ್ಲ. ಬೋರ್ಡಿನಲ್ಲಿ ಮಾತ್ರ ದೊಡ್ಡದಾಗಿ ಯೋಜನೆಯ ಹೆಸರಿರುತ್ತೆ. ಬೇರೆಲ್ಲಿ ಹೋಗಬಹುದು ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಚಿನ್ನ ಅಡವಿಡಲು ಆಗಲೇ ಫೋನ್ ಮಾಡುತ್ತಿದ್ದ.

ಹಿಂದಿನ ತಿಂಗಳುಗಳಲ್ಲಿ ಬಯಾಲಜಿ ಬೇಸರವಾದಾಗ ನಾನು ಸುಮ್ಮನೆ ಓದಿಟ್ಟುಕೊಂಡಿದ್ದ ನಿಯಮಗಳು ಆವತ್ತು ಕೆಲಸಕ್ಕೆ ಬಂದವು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ದೊಡ್ಡಪ್ಪನದು ಎಪಿಎಲ್. ಶೇ 30 ಅಂದರೆ ಏನೂ ಇಲ್ಲ ಅಂತ ಎಲ್ಲರೂ ಅದನ್ನು ಕಡೆಗಣಿಸಿದ್ದರು. ಆದರೆ ಅಸಲಿ ಅನುಕೂಲ ಇರೋದು ಆ ಶೇ 30ರಲ್ಲಲ್ಲ, ‘ಪ್ಯಾಕೇಜ್ ದರ’ ಅನ್ನೋ ಪದದಲ್ಲಿ. ಉಳಿದ ಶೇ 70ನ್ನು ನಾವು ಕಟ್ಟಬೇಕಾದದ್ದು ಆಸ್ಪತ್ರೆ ಹೇಳಿದ ದರದ ಮೇಲಲ್ಲ, ಸರ್ಕಾರ ಕಟ್ಟಿದ ಪ್ಯಾಕೇಜಿನ ಮೇಲೆ. ತುರ್ತು ಸಂದರ್ಭವಾದರೆ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಮೊದಲು ಅವರನ್ನು ಹುಡುಕಬೇಕು. ಇದಿಷ್ಟನ್ನೂ ಹಾಳೆಯಲ್ಲಿ ಬರೆದು ಅಣ್ಣನ ಕೈಗೆ ಕೊಟ್ಟೆ. ‘ನಿಂಗ್ಯಾರು ಹೇಳಿದ್ರು ಇದೆಲ್ಲ?’ ಅಂದ. ಅಡ್ಮಿಟ್ ಆಗುವಾಗ ಅಡ್ವಾನ್ಸ್ ಕಟ್ಟಿದ್ದ ಆಸ್ಪತ್ರೆ ಬಿಡಿಸಿಕೊಂಡು ಹೋಗೋದು ಅವನಿಗೆ ಭಯ. ನನಗೂ ಭಯವೇ. ದಾರಿಯಲ್ಲಿ ಏನಾದರೂ ಆದರೆ ಇಡೀ ಮನೆ ನನ್ನ ಹೆಸರು ಹೇಳುತ್ತೆ. ಆಂಜಿಯೋಗ್ರಾಂ ಮಾಡಿದ ಡಾಕ್ಟರನ್ನೇ ಕೇಳಿದೆವು. ‘ನಾಲ್ಕೈದು ದಿನ ತಡೆಯುತ್ತೆ, ಮಾತ್ರೆ ಬಿಡಬೇಡಿ, ನೋವು ಬಂದರೆ ಮಾತ್ರ ಕಾಯಬೇಡಿ’ ಎಂದು ಅವರು ನೇರವಾಗಿ ಹೇಳಿದರು. ಆ ಡಾಕ್ಟರ ಬಗ್ಗೆ ನನಗೆ ಇಂದಿಗೂ ಗೌರವ.

ರೆಫರಲ್‌ಗೆ ಎರಡು ದಿನ ಓಡಾಟ. ಮೊದಲ ದಿನ ಪತ್ರ ಕೊಡಬೇಕಾದವರು ಮೀಟಿಂಗ್‌ನಲ್ಲಿದ್ದರು. ಎರಡನೇ ದಿನ ಆಧಾರ್ ಕಾರ್ಡಿನಲ್ಲೂ ರೇಷನ್ ಕಾರ್ಡಿನಲ್ಲೂ ಇದ್ದ ದೊಡ್ಡಪ್ಪನ ಹೆಸರು ಒಂದೇ ರೀತಿ ಇರಲಿಲ್ಲ. ಒಂದರಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ! ಕೊನೆಗೂ ಬೆಂಗಳೂರಿನ ಸರ್ಕಾರಿ ಹೃದ್ರೋಗ ಆಸ್ಪತ್ರೆಯಲ್ಲಿ ಐದನೇ ದಿನ ಸ್ಟೆಂಟ್ ಹಾಕಿದರು. ಓಡಾಟ, ಊಟ, ಔಷಧ ಎಲ್ಲ ಸೇರಿ ಎಪ್ಪತ್ತು ಸಾವಿರದೊಳಗೆ ಮುಗಿಯಿತು. ಚಿನ್ನ ಉಳಿಯಿತು. ಈಗ ದೊಡ್ಡಪ್ಪ ತೋಟಕ್ಕೆ ಹೋಗ್ತಾರೆ, ಬೀಡಿ ಮಾತ್ರ ಕದ್ದು ಸೇದುತ್ತಾರೆ ಅಂತ ದೊಡ್ಡಮ್ಮನ ದೂರು. (ಸೊಸೈಟಿಯಲ್ಲಿ ಯಶಸ್ವಿನಿಗೆ ಹೆಸರು ಬರೆಸಿ ಅಂತ ಬಂದಿದ್ದಾಗ ಇದೇ ದೊಡ್ಡಪ್ಪ ‘ನಂಗೇನಾಗದೆ’ ಎಂದು ಸುಮ್ಮನಾಗಿದ್ದರು. 2003ರಲ್ಲಿ ಶುರುವಾದಾಗ ಆ ಯೋಜನೆಗೆ ರೈತರು ಕಟ್ಟುತ್ತಿದ್ದದ್ದು ತಿಂಗಳಿಗೆ ಐದು ರೂಪಾಯಿ. 2018ರಲ್ಲಿ ನಿಂತದ್ದು ಮತ್ತೆ ಶುರುವಾಗಿದೆ. ಪ್ರತಿ ವರ್ಷ ಅವಧಿಯೊಳಗೆ ನೋಂದಾಯಿಸಬೇಕು. ನಿಮ್ಮ ಮನೆಯಲ್ಲಿ ಸಹಕಾರ ಸಂಘದ ಸದಸ್ಯರಿದ್ದರೆ ಇವತ್ತೇ ಕೇಳಿ.)

ಇದನ್ನು ಓದಿ ಖಾಸಗಿ ಆಸ್ಪತ್ರೆಯವರೆಲ್ಲ ಕಳ್ಳರು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಚಿಕ್ಕಪ್ಪನ ಗೆಳೆಯರೊಬ್ಬರು ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ಒಂದರಲ್ಲಿ ಲೆಕ್ಕ ಬರೆಯುತ್ತಾರೆ. ಸಂಜೆ ಅಂಗಡಿಗೆ ಬಂದರೆ ಸ್ಟೂಲ್ ಮೇಲೆ ಕೂತು ಗೋಳು ಹೇಳಿಕೊಳ್ಳುತ್ತಿದ್ದರು. ನರ್ಸ್‌ಗಳು ಆರು ತಿಂಗಳು ಕೆಲಸ ಕಲಿತು ಬೆಂಗಳೂರಿಗೋ ಗಲ್ಫ್‌ಗೋ ಹೋಗ್ತಾರೆ, ಜನರೇಟರ್ ಡೀಸೆಲ್ಲು, ಆಮ್ಲಜನಕ, ಯೋಜನೆಯ ಕ್ಲೇಮ್ ಹಣ ತಿಂಗಳುಗಟ್ಟಲೆ ಬರಲ್ಲ, ಬಂದರೂ ಒಂದು ಫೋಟೊ ಸರಿಯಿಲ್ಲ ಅಂತ ಕಡಿತ. ‘ಪ್ಯಾಕೇಜ್ ರೇಟಲ್ಲಿ ನಮ್ಮ ಖರ್ಚೇ ಹುಟ್ಟಲ್ಲ, ಅದಕ್ಕೇ ಕ್ಯಾಶ್ ಪೇಷೆಂಟ್ ಮೇಲೆ ಹಾಕೋದು’ ಎಂದು ಒಪ್ಪಿಕೊಂಡರು. ಕ್ಯಾಶ್‌ಲೆಸ್ ವಿಮೆಯ ರೋಗಿಗಳನ್ನು ಡಿಸ್ಚಾರ್ಜ್ ದಿನ ಸಂಜೆಯವರೆಗೆ ಕಾಯಿಸಬೇಕಾದ ಕಷ್ಟವನ್ನೂ ಅವರೇ ಹೇಳಿದ್ದು. 2024ರ ಮೇ ಕೊನೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿ, ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ವಿಮಾ ಕಂಪನಿ ಉತ್ತರ ಕೊಡಬೇಕು ಎಂದಿತು. ಆ ಸುತ್ತೋಲೆಯನ್ನು ಫೋನಿನಲ್ಲಿ ಅವರಿಗೆ ತೋರಿಸಿದಾಗ ‘ಹಂಗಾದ್ರೆ ನಂಗೆ ಸಂಜೆ ಬೇಗ ಮನೆಗೆ ಹೋಗ್ಬೋದು’ ಅಂತ ನಕ್ಕಿದ್ದರು.

ಕಡಿಮೆ ದರದಲ್ಲಿ ಆಸ್ಪತ್ರೆ ನಡೆಸೋಕೆ ಆಗೋದೇ ಇಲ್ಲವಾ ಅಂತ ಹುಡುಕುತ್ತಾ ಮದುರೈನ ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ಓದಿದೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ 58ನೇ ವಯಸ್ಸಿನಲ್ಲಿ, 1976ರಲ್ಲಿ, 11 ಹಾಸಿಗೆಗಳೊಂದಿಗೆ ಅದನ್ನು ಶುರು ಮಾಡಿದರು. ಒಂದು ಟೇಬಲ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಪಕ್ಕದ ಟೇಬಲ್‌ನಲ್ಲಿ ಮುಂದಿನ ರೋಗಿ ಸಿದ್ಧ. ಡಾಕ್ಟರ ಒಂದು ನಿಮಿಷವೂ ವ್ಯರ್ಥವಾಗಲ್ಲ. ಹಣ ಕೊಡುವವರಿಂದ ಬಂದದ್ದರಲ್ಲಿ ಕೊಡಲಾಗದವರ ಕಣ್ಣೂ ಸರಿಹೋಗುತ್ತೆ. ಕಣ್ಣಿನೊಳಗೆ ಹಾಕುವ ಲೆನ್ಸ್ ಆಮದಿನಲ್ಲಿ ದುಬಾರಿ ಅಂತ 1992ರಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆಯನ್ನೇ ಕಟ್ಟಿ, ದರವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ನಮ್ಮ ಬೆಂಗಳೂರಿನಲ್ಲಿ ಡಾ. ದೇವಿ ಶೆಟ್ಟಿ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹಿಡಿದದ್ದೂ ಇಂಥದ್ದೇ ದಾರಿ. ಸಂಖ್ಯೆ ಹೆಚ್ಚಿಸು, ಒಂದೊಂದರ ಖರ್ಚು ಇಳಿಸು. ಲೆನ್ಸ್ ಕಾರ್ಖಾನೆಯ ಭಾಗವನ್ನು ಓದುವಾಗ ನನಗೆ ಮೊದಲ ಸಲ ಅನ್ನಿಸಿದ್ದು: ಇದರಲ್ಲಿ ಡಾಕ್ಟರ್ ಎಷ್ಟೋ, ಇಂಜಿನಿಯರೂ ಅಷ್ಟೇ ಇದ್ದಾನೆ.

ಇನ್ನೊಂದು ಓದು ನನ್ನ ನಿದ್ದೆ ಕೆಡಿಸಿದ್ದು. 2010ರಲ್ಲಿ ನಮ್ಮ ರಾಜ್ಯ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಗೆ ತಂದಿತು. ಸಂಶೋಧಕರು ಯೋಜನೆ ಇದ್ದ ಪ್ರದೇಶದ ಗಡಿಯ ಈ ಕಡೆ, ಆ ಕಡೆಯ ಹಳ್ಳಿಗಳನ್ನು ಹೋಲಿಸಿದರು. ಅದೇ ಮಣ್ಣು, ಅದೇ ಬಡತನ, ಒಂದೇ ವ್ಯತ್ಯಾಸ ಯೋಜನೆ. ಅದರಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ ಇದು. ವಿಧಾನಸೌಧದಲ್ಲಿ ಯಾರೋ ಒಬ್ಬ ಅಧಿಕಾರಿ ನಕ್ಷೆಯ ಮೇಲೆ ಎಳೆದ ಗೆರೆ ಅದು. ಗೆರೆಯ ಆಚೆ ಹುಟ್ಟಿದ್ದಕ್ಕೆ ಜನ ಸತ್ತರು.

ಆದರೆ ಈ ಯೋಜನೆಗಳೆಲ್ಲ ಹಾಸಿಗೆ ಹಿಡಿದ ಮೇಲಿನವು. ಅಜ್ಜಿಯ ಎಂಟು ರೂಪಾಯಿ ಮಾತ್ರೆಗೆ ಐದು ಲಕ್ಷದ ಕಾರ್ಡಿನಲ್ಲಿ ಜಾಗವಿಲ್ಲ. ಆ ಮಾತ್ರೆ ತಪ್ಪಿಸಿ ಸ್ಟ್ರೋಕ್ ಆದರೆ, ಆಗ ಕಾರ್ಡು ಕೆಲಸ ಮಾಡುತ್ತೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ಹಾಕುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರಿ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷವೇ. ಅಂಗಡಿ ಕೌಂಟರಿನಿಂದ ನೋಡಿದರೆ ಮಾತ್ರ ಆ ಇಳಿತ ಅಷ್ಟಾಗಿ ಕಾಣಿಸುತ್ತಿರಲಿಲ್ಲ.

ಇನ್ನು ನನ್ನ ಪರೀಕ್ಷೆ. 2024ರ ನೀಟ್ ಯಾರಿಗೆ ನೆನಪಿಲ್ಲ! ಫಲಿತಾಂಶ ಜೂನ್ 14ಕ್ಕೆ ಅಂದಿದ್ದವರು ಲೋಕಸಭಾ ಚುನಾವಣೆ ಫಲಿತಾಂಶ ಬಂದ ಜೂನ್ 4ರ ದಿನವೇ ಬಿಟ್ಟರು. ಟಿ.ವಿ.ಯಲ್ಲಿ ಸೀಟುಗಳ ಲೆಕ್ಕ, ನನ್ನ ಫೋನಿನಲ್ಲಿ ನನ್ನ ಸೀಟಿನ ಲೆಕ್ಕ. 571 ಅಂಕ. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯ ಪ್ರಕಾರ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಕೈಗೆ ಬಂದ ಹಾಗೇ. ಅಮ್ಮ ಪಾಯಸ ಮಾಡಿದಳು. ರಾತ್ರಿ ರ‍್ಯಾಂಕ್ ನೋಡಿದಾಗ ಗೊತ್ತಾಯಿತು, ಈ ಸಲ ಅಂಕಗಳೆಲ್ಲ ಊದಿಕೊಂಡಿವೆ. 67 ಮಂದಿಗೆ 720ಕ್ಕೆ 720. ಆಮೇಲೆ 1,563 ಮಂದಿಯ ಗ್ರೇಸ್ ಅಂಕ ರದ್ದು, ಸೋರಿಕೆ ಆರೋಪ, ಸುಪ್ರೀಂ ಕೋರ್ಟ್. ಪರಿಷ್ಕೃತ ಪಟ್ಟಿಯಲ್ಲಿ ಪೂರ್ಣ ಅಂಕದವರು 17ಕ್ಕಿಳಿದರು, ಪರೀಕ್ಷೆ ರದ್ದಾಗಲಿಲ್ಲ. ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ. ನನಗೆ ಸರ್ಕಾರಿ ದರದ ಸೀಟು ಎಲ್ಲೂ ಸಿಗಲಿಲ್ಲ. ಖಾಸಗಿ ಕೋಟಾ ಅಂದರೆ ವರ್ಷಕ್ಕೆ ಹತ್ತು ಲಕ್ಷದ ಮೇಲೆ.

‘ತೋಟ ಐತಲ್ಲ’ ಎಂದರು ಅಪ್ಪ. ಒಂದೇ ಸಲ, ಒಂದೇ ವಾಕ್ಯ. ನಾನು ಬೇಡ ಅಂದೆ. ಅಂಗಡಿಯಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಚಿಕ್ಕಪ್ಪ ಲೆಕ್ಕ ಹಾಕಿದ್ದರು: ತೋಟ ಹೋದರೂ ಎರಡನೇ ವರ್ಷಕ್ಕೆ ದುಡ್ಡು ಸಾಲದು. ಸಾಲ ಮಾಡಿ ಡಾಕ್ಟರಾದರೆ ಆ ಸಾಲ ಯಾರ ಮೇಲೆ ತೀರಿಸೋದು ಅನ್ನೋದೂ ನನಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಅಂದಾಜು ಪಟ್ಟಿಯ ಆ ಸಾಲುಗಳು ಕಣ್ಣ ಮುಂದೆ ಬಂದವು.

ಅಮ್ಮ ಮಾತ್ರ ಒಂದು ರಾತ್ರಿ ಕೇಳಿಯೇಬಿಟ್ಟಳು. ‘ಆ ಅಂಗಡೀಲಿ ಕೂರದೆ ಓದಿದ್ರೆ ಇನ್ನೈವತ್ತು ಮಾರ್ಕ್ಸ್ ಬರ್ತಿರಲಿಲ್ವಾ?’ ದಿನಕ್ಕೆ ಮೂರೂವರೆ ಗಂಟೆ, ಹತ್ತು ತಿಂಗಳು. ದೊಡ್ಡಪ್ಪನ ಓಡಾಟದಲ್ಲಿ ತಪ್ಪಿದ ಎರಡು ವಾರ, ನಾಲ್ಕು ಮಾಕ್ ಟೆಸ್ಟ್. ಬರುತ್ತಿತ್ತೇನೋ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಚಿಕ್ಕಪ್ಪ ಆ ತಿಂಗಳಿನಿಂದ ‘ಡಾಕ್ಟ್ರಮ್ಮ’ ಅನ್ನೋದನ್ನು ನಿಲ್ಲಿಸಿದರು. ಅವರು ನಿಲ್ಲಿಸಿದ್ದೇ ನನಗೆ ಹೆಚ್ಚು ನೋವಾಯಿತು.

ಸಿಇಟಿ ರ‍್ಯಾಂಕಿಗೆ ತುಮಕೂರಿನಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಈಗ ಎರಡನೇ ವರ್ಷ. ಹೋದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಮ್ಮ ತಂಡ ಔಷಧ ಫ್ರಿಜ್‌ನ ತಾಪಮಾನ ದಾಖಲಿಸುವ ಪುಟ್ಟ ಸಾಧನ ಮಾಡಿತು. ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಸಾವಿರ ರೂಪಾಯಿಯೊಳಗಿನ ಬೋರ್ಡು, ಸೆನ್ಸರ್. ಚಿಕ್ಕಪ್ಪನ ಫ್ರಿಜ್‌ನಲ್ಲೇ ಒಂದು ವಾರ ಇಟ್ಟೆವು. ಕರೆಂಟು ಹೋದ ಒಂದು ರಾತ್ರಿ 14 ಡಿಗ್ರಿ ತೋರಿಸಿತು. ಚಿಕ್ಕಪ್ಪ ಗ್ರಾಫ್ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಇನ್ಸುಲಿನ್ ಅಷ್ಟನ್ನೂ ತೆಗೆದು ಪಕ್ಕಕ್ಕಿಟ್ಟರು. ಫ್ರಿಜ್‌ಗೆ ಯುಪಿಎಸ್ ಬಂತು.

ನೀಟ್‌ನಲ್ಲಿ ಸೀಟು ಸಿಗದೆ ಕೂತಿರುವ ತಂಗಿ-ತಮ್ಮಂದಿರು ಆಗಾಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದು ಇಷ್ಟು: ಆಸ್ಪತ್ರೆ ಅಂದರೆ ಡಾಕ್ಟರ್ ಮಾತ್ರ ಅಲ್ಲ. ಯಂತ್ರ ನೋಡಿಕೊಳ್ಳುವ ಬಯೊಮೆಡಿಕಲ್ ಇಂಜಿನಿಯರ್, ಕ್ಲೇಮ್ ಪರಿಶೀಲಿಸುವವರು, ಮೆಡಿಕಲ್ ಕೋಡಿಂಗ್ ಮಾಡುವವರು, ಆರೋಗ್ಯ ಮಿತ್ರರು ಎಲ್ಲರೂ ಸೇರಿಯೇ ಅದು ನಡೆಯೋದು. ಯಾವುದೇ ಡಿಗ್ರಿಯ ನಂತರ ಆಸ್ಪತ್ರೆ ಆಡಳಿತ ಓದಲು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ, ಸಾರ್ವಜನಿಕ ಆರೋಗ್ಯ ಓದಲು ಮಣಿಪಾಲದ ಪ್ರಸನ್ನ ಸ್ಕೂಲ್ ಇದೆ. ಪ್ರವೇಶದ ಅರ್ಹತೆ, ಶುಲ್ಕ ವರ್ಷವರ್ಷ ಬದಲಾಗುತ್ತೆ, ನೋಡಿಕೊಳ್ಳಿ. ಮತ್ತೊಮ್ಮೆ ನೀಟ್ ಬರೆಯುವವರಿಗೆ ಮಾತ್ರ ಅಂಗಡಿಯಲ್ಲಿ ಕೂರಿ ಅಂತ ನಾನು ಹೇಳಲ್ಲ. ಅಮ್ಮನ ಪ್ರಶ್ನೆ ಇನ್ನೂ ಹಾಗೇ ಇದೆಯಲ್ಲ.

ಈ ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಅಂಗಡಿಯಲ್ಲಿ ಕೂತಿದ್ದೆ. ಅಜ್ಜಿ ಬಂದಳು, ಮಂಡಿನೋವಿನ ಮುಲಾಮು ಬೇಕಿತ್ತು. ಬಿ.ಪಿ. ಮಾತ್ರೆ ಬೇಡವಾ ಅಂದೆ. ‘ಈಗ ಆಶಾ ಹುಡುಗಿ ಮನೇ ತಾವೇ ತಂದ್ಕೊಡ್ತಾಳೆ, ಪುಕ್ಕಟೆ’ ಎಂದು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ನಮ್ಮ ಕಡೆಗೂ ಬಂದಿದೆ. ಪೂರ್ತಿ ಸ್ಟ್ರಿಪ್ಪು, ಕತ್ತರಿ ತಾಗದ್ದು. ನನಗೆ ಖುಷಿಯಾಯಿತು. ಎಣಿಸಿ ನೋಡಿದೆ. ಎಲ್ಲೋ ಲೆಕ್ಕ ತಪ್ಪುತ್ತಿತ್ತು.

‘ಅಜ್ಜಿ, ಯಾವತ್ತು ಕೊಟ್ಟಿದ್ದು ಇದು? ದಿನಾ ತಗೋತಿದ್ದೀಯ ತಾನೇ?’

‘ದಿನ ಬಿಟ್ಟು ದಿನ’ ಎಂದಳು ಅಜ್ಜಿ. ‘ಅವ್ಳು ಮುಂದಿನ್ ತಿಂಗ್ಳು ಬರ್ದೇ ಇದ್ರೆ?’